ಹುಣಸೆಬೀಜದ ಹರಾಜು

ಹಳ್ಳಿಮೈಸೂರಿನ ಪ್ರೈಮರಿ ಸ್ಕೂಲಿನ ಮೇಷ್ಟ್ರು ಮಂಚಯ್ಯನಿಗೆ ಈ ಲೋಕದಲ್ಲಿ ತನ್ನದು ಅಂತ ಹೇಳಿಕೊಳ್ಳಲು ಒಂದೇ ಒಂದು ಮಾತಿತ್ತು. ಕಬಡ್ಡಿಯಲ್ಲಿ ಅವನನ್ನು ಹಿಡಿಯುವ ಗಂಡಸು ಇನ್ನೂ ಹುಟ್ಟಿಲ್ಲ ಅನ್ನುವ ಮಾತು. ಅದನ್ನು ಅವನಾಗಿ ಆಡಿಕೊಂಡದ್ದಲ್ಲ. ಹೊಳೆನರಸೀಪುರ ತಾಲ್ಲೂಕು ತಂಡದ ನಾಯಕ ತಮ್ಮಯ್ಯ, ಚನ್ನರಾಯಪಟ್ಟಣದವರನ್ನು ಅವರೂರಿನಲ್ಲೇ ಮಣ್ಣು ಮುಕ್ಕಿಸಿ ಬಂದ ದಿನ, ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ ಹೇಳಿದ್ದ. ಮಂಚಯ್ಯ ಆ ಮಾತನ್ನು ಬಚ್ಚಿಟ್ಟುಕೊಂಡು ಮನೆಗೆ ಬಂದಿದ್ದ, ಮಕ್ಕಳು ಮಿಠಾಯಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬರುವ ಹಾಗೆ.

ಸ್ಕೂಲಿನಲ್ಲಿ ಹೆಡ್ ಮೇಷ್ಟ್ರು ಅವನ ಕೈಯಿಂದ ಏನನ್ನೂ ಈಸಿಕೊಳ್ಳುತ್ತಿರಲಿಲ್ಲ. "ಮೇಜಿನ ಮೇಲಿಡಪ್ಪ" ಅನ್ನುತ್ತಿದ್ದರು. ಅವನು ತಿದ್ದಿ ಕೊಟ್ಟ ಸ್ಲೇಟನ್ನು ಮಕ್ಕಳು ಮನೆಯೊಳಗೆ ಒಯ್ಯುವ ಮೊದಲು ಜಗಲಿಯಲ್ಲೇ ತೊಳೆಯುತ್ತಿದ್ದರು. ತೊಳೆಯುವುದನ್ನು ಅವನು ಕಂಡಿದ್ದ. ಇದನ್ನೆಲ್ಲ ನುಂಗಲು ಅವನಿಗಿದ್ದದ್ದು ಆ ಒಂದು ಮಾತು. ತೊಳೆದುಕೊಳ್ಳಿ ಮಕ್ಕಳೇ, ಭಾನುವಾರ ಅಂಕಣಕ್ಕೆ ಬನ್ನಿ, ನಿಮ್ಮ ಅಣ್ಣಂದಿರು ನನ್ನ ಮುಂದೆ ಹೆಂಗೆ ಓಡುತ್ತಾರೆ ನೋಡಿ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದ.

ಓಡುತ್ತಿದ್ದದ್ದು ನಿಜವೇ. ಮಂಚಯ್ಯ ದಮ್ಮು ಕಟ್ಟಿ "ಕಬಡ್ಡಿ ಕಬಡ್ಡಿ" ಎನ್ನುತ್ತ ನಡುಗೆರೆ ದಾಟಿದನೆಂದರೆ ಎದುರಿನ ಏಳು ಜನ ಕಲ್ಲು ಬಿದ್ದ ಕೊಳದ ಮೀನುಗಳ ಹಾಗೆ ಚೆದರುತ್ತಿದ್ದರು. ಒಬ್ಬಿಬ್ಬರು ಅವನ ಕೈ ತಾಗುವ ಮೊದಲೇ ಅಂಚುಗೆರೆಯಿಂದ ಆಚೆಗೆ ನೆಗೆಯುತ್ತಿದ್ದರು. ಅಂಚು ದಾಟಿದವನು ಔಟು. ಸಿಳ್ಳೆ, ಕೇಕೆ, ಪಾಯಿಂಟು. ಇನ್ನು ಎದುರು ಪಾಳಯದವನು ದಾಳಿಗೆ ಬಂದಾಗ ಮಂಚಯ್ಯ ನಿಲ್ಲುತ್ತಿದ್ದದ್ದು ಎಡ ಮೂಲೆಯಲ್ಲಿ. ಆ ಮೂಲೆಗೆ ಯಾವ ದಾಳಿಗಾರನೂ ಕಾಲಿಡುತ್ತಿರಲಿಲ್ಲ. ತಂಡದ ಉಳಿದ ಆರು ಜನ ಕೈಗೆ ಕೈ ಹೆಣೆದು ಸರಪಣಿ ಕಟ್ಟಿದರೆ ಸರಪಣಿ ಅವನ ತನಕ ಬರದೆ ಒಂದು ಮಾರು ಈಚೆಗೇ ಮುಗಿಯುತ್ತಿತ್ತು. "ನೀನು ಒಂಟಿ ಸಲಗ ಕಣಯ್ಯ, ಒಂಟಿಯಾಗೇ ನಿಂತ್ಕೊ" ಎಂದು ತಮ್ಮಯ್ಯ ಹೇಳಿದ್ದ. ಮಂಚಯ್ಯ ಅದನ್ನೂ ಹೊಗಳಿಕೆಯ ಲೆಕ್ಕಕ್ಕೇ ಹಾಕಿಕೊಂಡಿದ್ದ.

ತಿಳಿಯದವನೇ? ಹೊಲಗೇರಿಯಲ್ಲಿ ಹುಟ್ಟಿದವನಿಗೆ ಈ ಸಂಗತಿಯನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ತಿಳಿಯದ ಹಾಗೆ ಇರಲು ಅವನು ಪಟ್ಟ ಶ್ರಮ ಸಣ್ಣದಲ್ಲ. ಹಳ್ಳಿಯ ಆಟ ಬೇರೆ, ತಾಲ್ಲೂಕಿನ ಆಟ ಬೇರೆ ಎಂದು ತನಗೆ ತಾನೇ ವಾದಿಸಿ ಗೆದ್ದಿದ್ದ. ತಾಲ್ಲೂಕಿನ ಹುಡುಗರು ಬನಿಯನ್ ತೊಟ್ಟು ಆಡುತ್ತಾರೆ, ಪೇಪರು ಓದುತ್ತಾರೆ, ಇದು ಅರವತ್ತಮೂರನೇ ಇಸವಿ, ಕಾನೂನು ಬಂದು ಎಷ್ಟೋ ವರ್ಷವಾಯಿತು. ಅವನ ಅಪ್ಪ ಗುಂಡಯ್ಯ ಬೌದ್ಧನಾಗಿ ಗೋಡೆಗೆ ಬುದ್ಧನ ಪಟ ಹಾಕಿದ ಮೇಲಂತೂ ಈ ವಾದಕ್ಕೆ ಇನ್ನಷ್ಟು ಬಲ ಬಂದಿತ್ತು.

ಅವನ ಹೆಂಡತಿ ಸಣ್ಣಕ್ಕನಿಗೆ ಇಂಥ ವಾದಗಳು ನಾಟುತ್ತಿರಲಿಲ್ಲ. ಒಂದು ಸಂಜೆ ಅವನು ಮಂಡಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತ ಆ ದಿನದ ಆಟವನ್ನು ಬಣ್ಣಿಸುತ್ತಿದ್ದಾಗ, ಮುದ್ದೆಗೆ ಎಸರಿಟ್ಟವಳು ತಿರುಗಿಯೂ ನೋಡದೆ ಕೇಳಿದಳು:

"ಔಟಾದೋರ್ನೆಲ್ಲ ನೀನು ಮುಟ್ಟಿದ್ಯಾ?"

"ಮುಟ್ಟಾಕೆ ಸಿಕ್ಕಬೇಕಲ್ಲ. ಎದ್ರಿ ಓಡೋಯ್ತವೆ ನನ್ಮಕ್ಳು."

"ಎದ್ರಿ ಅಂತೀಯ. ನಾನು ಪಟೇಲರ ಕಣದಾಗೆ ರಾಗಿ ತೂರಾಕೆ ಓದ್ರೂ ಅಂಗೇ ಸರ್ಕೊಂಡು ಓಯ್ತವೆ. ನಾನೇನು ಪೈಲ್ವಾನಳಾ?"

ಮಂಚಯ್ಯ ಆ ರಾತ್ರಿ ಮುದ್ದೆ ಮುರಿಯಲಿಲ್ಲ. ಅವಳೂ ಉಣ್ಣು ಎಂದು ಕರೆಯಲಿಲ್ಲ.

ಆ ವರ್ಷದ ಕೊನೆಯ ಪಂದ್ಯ ಹಾಸನದಲ್ಲಿ. ಹೊಳೆನರಸೀಪುರಕ್ಕೂ ಅರಕಲಗೂಡಿಗೂ. ಅದರಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ಮೈಸೂರಿಗೆ, ದಸರಾ ಆಟಕ್ಕೆ ಕಳಿಸುತ್ತಾರೆ. ಹಿಂದಿನ ದಿನ ಶನಿವಾರ. ಬೆಳಗಿನ ಸ್ಕೂಲು ಮುಗಿಸಿ ಮಂಚಯ್ಯ ಅಂಕಣದ ಮಣ್ಣು ಗಟ್ಟಿಯೋ ಮೆತ್ತಗೋ ನೋಡಿ ಬರೋಣವೆಂದು ಹಾಸನಕ್ಕೆ ಹೋದ. ನೋಡಿಕೊಂಡು ಪೇಟೆ ಬೀದಿಯಲ್ಲಿ ಬರುತ್ತಿರುವಾಗ ಒಂದು ಬಟ್ಟೆ ಅಂಗಡಿಯ ಮಹಡಿ ಕಿಟಕಿಯಿಂದ ಯಾರೋ ಕೂಗಿದರು.

"ಏನಯ್ಯಾ ಮಂಚಯ್ಯ ಮೇಷ್ಟ್ರೇ, ಮೇಲಕ್ಕೆ ಬಾರಯ್ಯ. ನೀನು ನಮ್ಮ ತಂಡದೋನು."

ಕೂಗಿದವರು ಅಂಗಡಿಯ ಯಜಮಾನರು, ಚನ್ನರಾಯಪಟ್ಟಣದ ಕಡೆಯ ಬ್ರಹ್ಮಪ್ಪನವರು. ಮಂಚಯ್ಯನಿಗೆ ಮುಖ ಮಾತ್ರ ಗೊತ್ತಿತ್ತು. ಪಂದ್ಯ ನಡೆದಲ್ಲೆಲ್ಲ ಕುರ್ಚಿ ಹಾಕಿಸಿಕೊಂಡು ಕೂರುವ ದೊಡ್ಡ ಮನುಷ್ಯರು. ಅವರಿಗೆ ತನ್ನ ಹೆಸರು ಗೊತ್ತಿದೆಯಲ್ಲ ಎಂಬ ಖುಷಿಯಲ್ಲಿ ಅವನು ಮೆಟ್ಟಿಲು ಹತ್ತಿದ.

ಮಹಡಿಯಲ್ಲಿ ಜಮಖಾನ ಹಾಸಿತ್ತು. ನಡುವೆ ಹುಣಸೆಬೀಜದ ಸಣ್ಣ ಸಣ್ಣ ಗುಡ್ಡೆಗಳು, ಪಕ್ಕದಲ್ಲಿ ಅಂಚು ಸವೆದ ಇಸ್ಪೀಟು ಎಲೆಗಳು. ಪ್ರತಿ ಎಲೆಯ ಬೆನ್ನಿಗೂ ಒಂದೊಂದು ಹೆಸರಿನ ಚೀಟಿ ಅಂಟಿಸಿತ್ತು. ಬ್ರಹ್ಮಪ್ಪನವರು ಒಂದು ಎಲೆಯನ್ನು ಹುಡುಕಿ ತೆಗೆದು ಅವನ ಕಾಲ ಬಳಿಗೆ ಎಸೆದರು. ಕಳಾವರ್ ಒಂಬತ್ತು. ತಿರುಗಿಸಿದರೆ ಅದರ ಬೆನ್ನ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಮಂಚಯ್ಯ, ಹೊ.ನ.ಪುರ.

"ಇದು ಕಾಗದದ ಕಬಡ್ಡಿ" ಅಂದರು ಬ್ರಹ್ಮಪ್ಪನವರು. "ಈ ಹೊಟ್ಟೆ ಇಟ್ಕೊಂಡು ನಾವು ಆಡಕ್ಕಾಗುತ್ತಾ? ಅದಕ್ಕೇ ನಿಮ್ಮನ್ನೆಲ್ಲ ಕೊಂಡ್ಕೊಂಡಿದೀವಿ. ಕೂತ್ಕೊ, ಕೂತ್ಕೊ. ಅಲ್ಲೇ, ಮೆಟ್ಟಿಲ ಹತ್ರಾನೇ ಗಾಳಿ ಚೆನ್ನಾಗಿ ಬರುತ್ತೆ."

ಮಂಚಯ್ಯ ಮೆಟ್ಟಿಲ ಬಾಯಲ್ಲಿ ಕುಳಿತ. ಆಟದ ಮರ್ಮವನ್ನು ಬ್ರಹ್ಮಪ್ಪನವರು ಅಕ್ಕರೆಯಿಂದ ಬಿಡಿಸಿ ಹೇಳಿದರು. ವಕೀಲರು, ವರ್ತಕರು, ಕಂಟ್ರಾಕ್ಟರು ಎಲ್ಲ ಸೇರಿ ಆರು ಜನ ಯಜಮಾನರು. ಯುಗಾದಿ ಕಳೆದ ಮೇಲೆ ಒಂದು ದಿನ ಹರಾಜು. ಆರೂ ಜನಕ್ಕೆ ಒಂದೇ ಅಳತೆಯ ಹುಣಸೆಬೀಜ. ನಾಲ್ಕು ತಾಲ್ಲೂಕಿನ ಆಟಗಾರರ ಹೆಸರನ್ನು ಒಂದೊಂದಾಗಿ ಕೂಗುವುದು. ಯಾರು ಹೆಚ್ಚು ಬೀಜ ಸುರಿದರೋ ಎಲೆ ಅವರದು. ಹೀಗೆ ಏಳು ಜನರನ್ನು ಕೂಡಿಸಿಕೊಂಡರೆ ಒಂದು ತಂಡ. ಆಮೇಲೆ ಅಂಕಣದಲ್ಲಿ ನಿಜವಾಗಿ ನಡೆಯುವ ಪಂದ್ಯ ನೋಡಿ ಪಾಯಿಂಟು ಹಾಕಿಕೊಳ್ಳುವುದು. ತನ್ನ ಎಲೆಯವನು ದಾಳಿಯಲ್ಲಿ ಒಬ್ಬನನ್ನು ಔಟು ಮಾಡಿದರೆ ಒಂದು, ಬಂದವನನ್ನು ಹಿಡಿದು ಕೆಡವಿದರೆ ಎರಡು. ತಾನೇ ಹಿಡಿಸಿಕೊಂಡನೋ, ಎರಡು ಕಳೆ. ಗೆದ್ದವರಿಗೆ ಸೋತವರೆಲ್ಲ ಸೇರಿ ಹೋಳಿಗೆ ಊಟ ಹಾಕಿಸಬೇಕು.

"ಆಟ ಆಡೋದು ಬೇರೆ ಕಣಯ್ಯ, ಆಟಗಾರರನ್ನ ಆಯೋದು ಬೇರೆ" ಎಂದು ಬ್ರಹ್ಮಪ್ಪನವರು ತೊಡೆ ತಟ್ಟಿಕೊಂಡರು. "ಚಂದ್ರಶೇಖರಯ್ಯನ್ನೇ ನೋಡು. ದೊಡ್ಡ ವಕೀಲ. ನಮ್ಮೂರ ಕಡೆಯ ಒಬ್ಬ ಹಿಡಿತಗಾರನ ತೋಳು ನೋಡಿ ಮರುಳಾಗಿ ಅರ್ಧ ಬೀಜ ಅವನೊಬ್ಬನ ಮೇಲೇ ಸುರಿದುಬಿಟ್ಟ. ಆಮೇಲೆ ಕೈ ಬರಿದು. ಉಳಿದೋರನ್ನೆಲ್ಲ ಕಸದ ಗುಡ್ಡೆಯಿಂದ ಆಯ್ಕೊಂಡ. ನಾನು ಹಂಗಲ್ಲ. ಎಲ್ಲರ ಬೀಜ ಕರಗೋವರೆಗೂ ಬಾಯಿ ಹೊಲ್ಕೊಂಡು ಕೂತಿರ್ತೀನಿ. ಎದ್ದು ಕಾಣೋ ಗಂಡು ಯಾವನೂ ನನಗೆ ಬೇಡ."

"ಒಂದೇ ತಾಲ್ಲೂಕಿನೋರ್ನ ತಗಂಡ್ರೆ ಒಂದಾಣಿಕೆ ಇರ್ತದಲ್ವಾ ಸಾ?" ಮಂಚಯ್ಯನಿಗೂ ಆಸೆ ಹತ್ತಿತು.

"ಹೊಂದಾಣಿಕೆ ನಿಮಗೆ ಬೇಕು, ನಮಗ್ಯಾಕೆ? ಆ ತಾಲ್ಲೂಕಿನ ಬಸ್ಸು ಕೆಟ್ಟು ತಂಡವೇ ಬರಲಿಲ್ಲ ಅನ್ನು, ನನ್ನ ಎಲೆಯೆಲ್ಲ ಮಲಗಿಬಿಡ್ತವೆ. ಚೆಲ್ಲಿ ಬಿತ್ತಬೇಕು. ಸೋಲೋ ತಂಡದಲ್ಲಿ ಒಬ್ಬನೇ ಒಬ್ಬ ಒಳ್ಳೆ ದಾಳಿಗಾರ ಇರ್ತಾನಲ್ಲ, ಅವನನ್ನ ಬಿಡಬಾರದು. ಬೇರೆಯೋರೆಲ್ಲ ಔಟಾಗಿ ಕೂತಿರ್ತಾರೆ, ಮತ್ತೆ ಮತ್ತೆ ಅವನೇ ಹೋಗಬೇಕು. ತಂಡ ಮುಳುಗಿದರೂ ಅವನ ಪಾಯಿಂಟು ನನಗೆ."

"ಇಡಿಯೋರಾಗೆ ಅರಕಲಗೂಡಿನ ಆ ಎಡಚ ಉಡುಗನ್ನ ತಗಳ್ಳಿ ಸಾ. ನೋಡಾಕೆ ಕಡ್ಡಿ. ಪಾದ ಇಡುದ್ರೆ ಬುಡಾಕಿಲ್ಲ."

"ನೋಡಿದ್ಯಾ, ಇದು ನನಗೆ ಹೊಳೆದೇ ಇರಲಿಲ್ಲ" ಎಂದು ಬ್ರಹ್ಮಪ್ಪನವರು ಆ ಹುಡುಗನ ಎಲೆ ಯಾರ ಬಳಿಯಿದೆಯೆಂದು ನೆನಪು ಮಾಡಿಕೊಳ್ಳತೊಡಗಿದರು. ಮಂಚಯ್ಯ ಉಬ್ಬಿಹೋದ. ಯಾರು ಮೊದಲರ್ಧದಲ್ಲೇ ದಮ್ಮು ಕಳೆದುಕೊಳ್ಳುತ್ತಾರೆ, ಯಾರ ಮಂಡಿಯಲ್ಲಿ ಹಳೆಯ ಉಳುಕಿದೆ, ಯಾವನು ಗದ್ದಲಕ್ಕೆ ಬೆದರುತ್ತಾನೆ, ತನಗೆ ಗೊತ್ತಿದ್ದದ್ದನ್ನೆಲ್ಲ ಒಪ್ಪಿಸಿದ. ಒಬ್ಬ ದೊಡ್ಡ ಮನುಷ್ಯ ತನ್ನ ಮಾತಿಗೆ ತಲೆದೂಗುತ್ತಿದ್ದಾನೆ ಎಂಬ ಸುಖ ಅವನಿಗೆ ಹೊಸದು. ತನ್ನ ಜೊತೆಯ ಹುಡುಗರ ಮೈಯನ್ನು ಸಂತೆಯ ದನದ ಹಲ್ಲೆಣಿಸುವ ಹಾಗೆ ಎಣಿಸಿ ಕೊಡುತ್ತಿದ್ದೇನೆ ಎಂಬುದು ಆಗ ಅವನ ಮನಸ್ಸಿಗೆ ಬರಲಿಲ್ಲ.

ಕೊನೆಗೆ ಕೇಳಬೇಕೆಂದಿದ್ದನ್ನು ಕೇಳಿದ. "ನನಗೆ ಎಸ್ಟು ಬೀಜ ಸುರಿದ್ರಿ ಸಾ?"

"ಮೂರು."

ಮೂರು ಬೀಜವೋ ಮೂರು ಹಿಡಿಯೋ ಎಂದು ಅವನಿಗೆ ಅರ್ಥವಾಗಲಿಲ್ಲ. ಬ್ರಹ್ಮಪ್ಪನವರು ಮೂರು ಬೆರಳೆತ್ತಿ ತೋರಿಸಿದರು.

"ನಿನ್ನ ಹೆಸರು ಕೂಗಿದಾಗ ಎಲ್ಲರೂ ಎಲೆಅಡಿಕೆ ಹುಡುಕಕ್ಕೆ ಶುರು ಮಾಡಿದರು ಕಣಯ್ಯ. ನಿಮ್ಮೋನ ಎಲೆ ಜೇಬಲ್ಲಿ ಇಟ್ಕೊಂಡು ಮನೆಗೆ ಹೋಗೋದು ಹೆಂಗೆ ಅಂತ. ನಾನು ಮೂರು ಬೀಜ ಎಸೆದು ಎತ್ಕೊಂಡೆ. ಈಗ ನೋಡು, ನಾಲ್ಕು ತಾಲ್ಲೂಕಲ್ಲಿ ನಿನ್ನಷ್ಟು ಪಾಯಿಂಟು ತಂದೋನು ಯಾವನೂ ಇಲ್ಲ."

"ನನ್ನ ಆಟ ಅಸ್ಟು ಚೆನ್ನಾಗದೆ ಅಂತ ನಿಮಗೆ ಮೊದ್ಲೇ ಎಂಗೆ ಗೊತ್ತಾಯ್ತು ಸಾ?"

ಬ್ರಹ್ಮಪ್ಪನವರು ನಕ್ಕರು. ಅದು ಕೆಟ್ಟ ನಗು ಅಲ್ಲ. ಮಗುವಿನ ಪ್ರಶ್ನೆಗೆ ಅಜ್ಜ ನಗುವ ಹಾಗಿತ್ತು.

"ನಿನ್ನ ಆಟ ನಾನು ಆವಾಗ ನೋಡೇ ಇರಲಿಲ್ಲ. ನೋಡೋದು ಯಾಕೆ? ಇದು ಲೆಕ್ಕ. ಹಿಡಿಸಿಕೊಂಡರೆ ತಾನೇ ಎರಡು ಹೋಗೋದು? ಹಿಡಿಯೋರು ಯಾರು? ಗೌಡರ ಹುಡುಗರು, ಲಿಂಗಾಯತರ ಹುಡುಗರು, ನಮ್ಮ ಕಡೆಯೋರು. ನಿನ್ನ ಸೊಂಟ ತಬ್ಬಿ ಕೆಡವಿ, ಮೈಮೇಲೆ ಬಿದ್ದು ಹೊರಳಾಡಿ, ಆಮೇಲೆ ಮನೆಗೆ ಹೋಗಿ ಅವ್ವನಿಗೆ ಏನಂತ ಹೇಳಬೇಕು? ಹಿತ್ತಲಲ್ಲಿ ನಿಲ್ಲಿಸಿ ನೀರು ಹುಯ್ತಾಳೆ. ಅದರ ಬದಲು ಗೆರೆ ದಾಟಿ ಔಟಾಗೋದೇ ವಾಸಿ. ಅದಕ್ಕೇ ಒಂದೊಂದು ತಾಲ್ಲೂಕಿಂದ ನಿಮ್ಮೋನು ಒಬ್ಬ ಇದ್ದರೆ ಹಾಕ್ಕೊಬೇಕು ಅಂತ ನಾನು ಲೆಕ್ಕ ಮಾಡಿದ್ದು. ಈ ಹಾಸನದಲ್ಲಿ ಇದನ್ನ ಕಂಡೋನು ನಾನೊಬ್ಬನೇ."

ಮಂಚಯ್ಯ ಕೈಯಲ್ಲಿದ್ದ ಎಲೆಯನ್ನೇ ನೋಡುತ್ತಿದ್ದ. ಬ್ರಹ್ಮಪ್ಪನವರಿಗೆ ಅವನ ಮುಖ ಕಾಣಿಸಿರಬೇಕು. ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು: "ನೋಡಯ್ಯ, ನಾನು ಜಾತಿ ಮಾಡೋನಲ್ಲ. ಮಾಡೋರ ಮೇಲೆ ಬೀಜ ಹಾಕೋನು ಅಷ್ಟೇ."

ಆಗಲೇ ವಕೀಲ ಚಂದ್ರಶೇಖರಯ್ಯ ಮೆಟ್ಟಿಲು ಹತ್ತಿ ಬಂದರು. ಮಂಚಯ್ಯ ಎದ್ದು ಗೋಡೆಗೆ ಒತ್ತಿಕೊಂಡ. ಅವರು ಪಂಚೆಯ ಚುಂಗು ಎತ್ತಿ ಹಿಡಿದುಕೊಂಡು ದಾಟಿ ಜಮಖಾನದ ಮೇಲೆ ಕುಳಿತರು.

"ಬ್ರಹ್ಮಪ್ಪನೋರೇ, ನಿಮ್ಮ ಗುಟ್ಟು ನನಗೂ ತಿಳೀತು. ಆ ಕಳಾವರ್ ಒಂಬತ್ತು ನನಗೆ ಕೊಡಿ. ಇಬ್ಬರು ದಾಳಿಗಾರರನ್ನ ಕೊಡ್ತೀನಿ."

"ಊಹೂಂ."

"ಇಬ್ಬರ ಜೊತೆಗೆ ನನ್ನ ಹಿಡಿತಗಾರ."

"ಆನೆ ಕೊಟ್ಟರೂ ಇಲ್ಲ. ನಾಳೆ ಒಂದು ಪಂದ್ಯ ಕಳೆದರೆ ಹೋಳಿಗೆ ನನ್ನದು."

"ಹಂಗಾದರೆ ಕೇಳಿ. ಅರಕಲಗೂಡಿನೋರ ಹತ್ರಾನೂ ಒಬ್ಬ ಇದ್ದಾನೆ. ಬೈರಯ್ಯ ಅಂತ, ಅಕ್ಕಿ ಮಂಡಿಯಲ್ಲಿ ಮೂಟೆ ಹೊರೋನು. ಹೆಸರಿಗೆ ತಂಡದಲ್ಲಿ ಇಟ್ಟಿದ್ದಾರೆ, ಒಂದು ಆಟಕ್ಕೂ ಇಳಿಸಿಲ್ಲ. ನಾಳೆ ಇಳಿಸಿ ಅಂತ ಹೇಳಿ ಕಳಿಸ್ತೀನಿ. ಅವನಿಗೇನು ಮೈಲಿಗೆ? ಮೂಟೆ ತಬ್ಬಿದ ಹಾಗೆ ತಬ್ಬಿ ಮಲಗಿಸ್ತಾನೆ. ಹೋಯ್ತಲ್ಲ ನಿಮ್ಮ ಒಂಬತ್ತು."

ಬ್ರಹ್ಮಪ್ಪನವರ ಮುಖ ಕಪ್ಪಿಟ್ಟಿತು. "ಅದು ಮೋಸ" ಅಂದರು. "ಅವರ ಜನಾನ ಅವರ ಮೇಲೇ ಬಿಡೋದು ಯಾವ ನ್ಯಾಯ?"

"ನಿಯಮದಲ್ಲಿ ಎಲ್ಲಿದೆ ತೋರಿಸಿ."

ಇಬ್ಬರೂ ನಿಯಮದ ಮೇಲೆ ಜೋರುಜೋರಾಗಿ ಮಾತಾಡಿದರು. ಕಾನೂನು ಓದಿದ ಬಾಯೊಂದು, ವ್ಯಾಪಾರ ಬಲ್ಲ ಬಾಯೊಂದು. ಹೇಲಿನ ಮೇಲೆ ಕೂತ ಎರಡು ನೊಣ ಗಡಿ ಜಗಳವಾಡಿದ ಹಾಗೆ. ಮೆಟ್ಟಿಲ ಬಾಯಲ್ಲಿ ಆ ಕಳಾವರ್ ಒಂಬತ್ತು ಎರಡು ಕಾಲ ಮೇಲೆ ನಿಂತು ಉಸಿರಾಡುತ್ತಿದೆ ಎಂಬುದು ಇಬ್ಬರಿಗೂ ಮರೆತುಹೋಗಿತ್ತು. ಕಿಟಕಿಯ ಬೆಳಕು ಕೆಂಪಾದದ್ದು ಕಂಡು ಬ್ರಹ್ಮಪ್ಪನವರು ಗಡಬಡಿಸಿ ಎದ್ದರು. ಜೈನರಾದ ಅವರು ಹೊತ್ತು ಮುಳುಗುವ ಮೊದಲೇ ಉಣ್ಣಬೇಕು. ದೀಪ ಹಚ್ಚಿದ ಮೇಲೆ ಅನ್ನಕ್ಕೆ ಹುಳ ಬಿದ್ದು ಒಂದು ಜೀವ ಹೋದೀತು. ಮಂಚಯ್ಯ ಎಲೆಯನ್ನು ಜಮಖಾನದ ಅಂಚಿಗೆ ಇಟ್ಟು ಇಳಿದುಬಂದ.

ಹೊಳೆನರಸೀಪುರದ ಬಸ್ಸು ಹತ್ತಿದ. ಈ ವರ್ಷದ ಆಟವೆಲ್ಲ ಕಣ್ಣ ಮುಂದೆ ಹಿಂದುಮುಂದಾಗಿ ನಡೆಯುತ್ತಿತ್ತು. ಚನ್ನರಾಯಪಟ್ಟಣದಲ್ಲಿ ತನ್ನೆದುರು ಹಿಂದೆ ಸರಿದ ಆ ದಪ್ಪ ತೋಳಿನವನ ಮುಖದಲ್ಲಿ ಇದ್ದದ್ದು ಹೆದರಿಕೆಯಲ್ಲ. ಬೀದಿಯಲ್ಲಿ ಹೇಲು ಕಂಡವನು ಪಂಚೆ ಎತ್ತಿಕೊಂಡು ಪಕ್ಕಕ್ಕೆ ಸರಿಯುತ್ತಾನಲ್ಲ, ಅದೇ ಮುಖ. ಅದಕ್ಕೆ ತಾನು ಎದೆಯುಬ್ಬಿಸಿಕೊಂಡು ತಿರುಗಿದೆನಲ್ಲ. ಆ ಮುಖಗಳನ್ನೇ ಗೆಲುವು ಎಂದು ಮನೆಗೆ ತಂದು ಹೆಂಡತಿಗೆ ತೋರಿಸಿದೆನಲ್ಲ. ತನ್ನ ಕಾಲ ಮೇಲೆ, ಎಣ್ಣೆ ತಿಕ್ಕಿ ಸಾಕಿದ ಮಂಡಿಯ ಮೇಲೆ ಅವನಿಗೆ ಹೇಸಿಗೆ ಬಂತು. ಈ ಕಾಲುಗಳಿಗೆ ಆಡಲು ಬರುತ್ತದೆಯೋ ಇಲ್ಲವೋ? ಬರುತ್ತದೆಂದು ಹೇಳಲು ಸಾಕ್ಷಿಯಿಲ್ಲ. ಬರುವುದಿಲ್ಲವೆಂದು ಹೇಳಲೂ ಇಲ್ಲ. ಯಾವನೂ ಒಮ್ಮೆಯೂ ಹಿಡಿದು ನೋಡಿಲ್ಲ. ಬಸ್ಸು ಇಳಿಯುವಾಗ ಅವನಿಗೆ ಬೇಕಾಗಿದ್ದದ್ದು ಒಂದೇ: ಯಾವನಾದರೂ ಒಬ್ಬ ತನ್ನನ್ನು ಹಿಡಿಯಬೇಕು. ಬಿಡಿಸಿಕೊಂಡು ಬಂದರೆ ಆಟಗಾರ. ಬಾರದಿದ್ದರೆ ಇಲ್ಲ. ಅದು ತಿಳಿಯದೆ ಇನ್ನು ಬದುಕುವಂತಿಲ್ಲ.

ಭಾನುವಾರ ಮಧ್ಯಾಹ್ನ ಹಾಸನದ ಮೈದಾನದಲ್ಲಿ ತಂಡ ಮೈ ಬಿಸಿ ಮಾಡಿಕೊಳ್ಳುತ್ತಿತ್ತು. ಮಂಚಯ್ಯ ನೇರ ತಮ್ಮಯ್ಯನ ಬಳಿ ಹೋದ.

"ಅಣ್ಣ, ನಾನು ದಾಳಿ ಬತ್ತೀನಿ. ನೀವು ಮೂರ್ನಾಕು ಜನ ಸೇರ್ಕೊಂಡು ನನ್ನ ಇಡೀರಿ."

"ಈಗ್ಯಾಕಯ್ಯ ಮೈ ನೋಯಿಸ್ಕೊಳ್ಳೋದು."

"ಒಂದೇ ಸಲ ಅಣ್ಣ."

ತಮ್ಮಯ್ಯ ಹಿಂದೆ ತಿರುಗಿ ನೋಡಿದ. ಹುಡುಗರು ಬನಿಯನ್ ಸರಿಮಾಡಿಕೊಂಡರು, ಒಬ್ಬ ಕೆಮ್ಮಿದ, ಇನ್ನೊಬ್ಬ ನೀರು ಕುಡಿದು ಬರುತ್ತೇನೆಂದು ಹೊರಟ. "ನಿನ್ನ ಇಡಿಯೋ ಗಂಡಸು ಉಟ್ಟಿಲ್ಲ ಅಂತ ನಾನೇ ಏಳಿಲ್ವಾ" ಎಂದು ತಮ್ಮಯ್ಯ ಬೇರೆ ಕಡೆ ನೋಡುತ್ತ ಅಂದ.

ಆಟ ಶುರುವಾಯಿತು. ಅಂಕಣದ ಪಕ್ಕದ ಕುರ್ಚಿಗಳಲ್ಲಿ ಬ್ರಹ್ಮಪ್ಪನವರು, ಚಂದ್ರಶೇಖರಯ್ಯ, ಉಳಿದ ಯಜಮಾನರು. ಮೊದಲ ದಾಳಿಗೆ ಮಂಚಯ್ಯ ಎಂದಿನಂತೆ ಓಡಿದ, ಎಂದಿನಂತೆ ಚೆದರಿದರು, ಇಬ್ಬರು ಗೆರೆ ದಾಟಿ ಹಾರಿದರು. ಕುರ್ಚಿಯಿಂದ ಒಂಟಿ ಚಪ್ಪಾಳೆ ಕೇಳಿಸಿತು.

ಎರಡನೇ ದಾಳಿಗೆ ಅವನು ಓಡಲಿಲ್ಲ. ಕ್ಲಾಸಿನೊಳಗೆ ನಡೆಯುವ ಹಾಗೆ ನಡೆದ. ಕಬಡ್ಡಿ, ಕಬಡ್ಡಿ ಎಂದು ಪಾಠ ಹೇಳುವ ದನಿಯಲ್ಲಿ ಹೇಳುತ್ತ ಅರಕಲಗೂಡಿನ ಅಂಕಣದ ನಟ್ಟನಡುವೆ ಹೋಗಿ ನಿಂತ. ಏಳು ತಿಂಗಳ ಬಸುರಿಯೂ ಅವನನ್ನು ಹಿಡಿಯಬಹುದಿತ್ತು. ಕಾಲೇಜು ಓದುವ ಒಬ್ಬ ಹುಡುಗ, ಗಟ್ಟಿಮುಟ್ಟಾದವನು, ಎರಡಡಿ ದೂರದಲ್ಲಿದ್ದ. ಮಂಚಯ್ಯ ಮುಂಗೈಯನ್ನು ಅವನ ಮುಂದಕ್ಕೆ ನೀಡಿದ. ಹಿಡಿಯೋ ಅನ್ನಬೇಕು, ಆದರೆ ಕಬಡ್ಡಿ ಬಿಟ್ಟು ಇನ್ನೊಂದು ಮಾತು ಬಂದರೆ ದಮ್ಮು ಹೋಯಿತೆಂದೇ ಲೆಕ್ಕ. ಅದಕ್ಕೆ ಅದೇ ಪದದಲ್ಲಿ ಬೇಡಿಕೊಂಡ. ಹುಡುಗನ ಬಲಗೈ ಅರ್ಧ ಎದ್ದಿತು. ಅವನು ಆಟಗಾರ, ಕೈ ತಾನಾಗಿ ಎದ್ದಿತು. ಮರುಗಳಿಗೆಯಲ್ಲಿ ಬಿಸಿ ಪಾತ್ರೆ ಮುಟ್ಟಿದವನಂತೆ ಹಿಂದಕ್ಕೆ ಎಳೆದುಕೊಂಡು ಗೆರೆ ದಾಟಿದ. ಸಿಳ್ಳೆ. ಜನ ನಗುತ್ತಿದ್ದರು. ಮಂಚಯ್ಯ ಬಂದ ಹಾಗೇ ನಡೆದು ವಾಪಸ್ಸು ಹೋದ.

ಅರ್ಧ ಆಟ ಮುಗಿದಾಗ ಅರಕಲಗೂಡಿನವರು ಒಬ್ಬನ ಕಾಲು ಉಳುಕಿತೆಂದು ಹೊರಗೆ ಕೂರಿಸಿ ಬೈರಯ್ಯನನ್ನು ಒಳಕ್ಕೆ ಬಿಟ್ಟರು. ಕುಳ್ಳ, ಕಪ್ಪಗೆ, ಮೂಟೆ ಹೊತ್ತು ಬಾಗಿದ ಕತ್ತು. ತಂಡದ ಬನಿಯನ್ ಅವನಿಗೆ ಕೊಟ್ಟಿರಲಿಲ್ಲ, ಬರಿಮೈಯಲ್ಲೇ ಇಳಿದ. ಚಂದ್ರಶೇಖರಯ್ಯ ಕುರ್ಚಿಯಲ್ಲಿ ಸರಿಯಾಗಿ ಕುಳಿತುಕೊಂಡರು.

ಮಂಚಯ್ಯ ದಾಳಿಗೆ ಬಂದ. ಉಳಿದವರು ಬೇಲಿಯ ಹಾಗೆ ದೂರಕ್ಕೆ ಸರಿದು ನಡುವೆ ಬೈರಯ್ಯನೊಬ್ಬನನ್ನೇ ಬಿಟ್ಟರು. ಬೈರಯ್ಯ ಹಾರಿ ಅವನ ಸೊಂಟ ಹಿಡಿದ. ಹಿಡಿದವನ ತೋಳು ಸಡಿಲವಾಗಿತ್ತು.

"ಓಗಣ್ಣ" ಅಂದ ಕಿವಿಯ ಹತ್ತಿರ. "ನಿನ್ನ ಇಡಿ ಅಂತ ಬುಟ್ಟವ್ರೆ ನನ್ನ. ನಾನು ಇಡಿಯಾಕಿಲ್ಲ. ಓಗು."

ಕೈ ಬಿಟ್ಟ. ಮಂಚಯ್ಯ ತನ್ನ ಪಾಳಯಕ್ಕೆ ಬಂದು ನಿಂತ. ಒಂದು ಪಾಯಿಂಟು, ಬೈರಯ್ಯ ಔಟು. ಬ್ರಹ್ಮಪ್ಪನವರು ಕುಣಿಯುವುದೊಂದು ಬಾಕಿ. ಹಿಡಿಯದವರು ಮೈಲಿಗೆಗೆ ಬಿಟ್ಟರು, ಹಿಡಿಯಬಲ್ಲವನು ಮರುಕಕ್ಕೆ ಬಿಟ್ಟ. ಮಂಚಯ್ಯನಿಗೆ ಅಳು ಬಂದ ಹಾಗಾಯಿತು, ಅಳು ಸಿಟ್ಟಾಯಿತು. ಅರಕಲಗೂಡಿನವರು ಎದುರು ದಾಳಿಯಲ್ಲಿ ಒಬ್ಬನನ್ನು ಔಟು ಮಾಡಿ ಬೈರಯ್ಯನನ್ನು ಮತ್ತೆ ಒಳಕ್ಕೆ ತಂದ ಮೇಲೆ, ನಡುಗೆರೆಯ ಬಳಿ ನಿಂತು, ದಾಳಿಗೆ ದಮ್ಮು ಕಟ್ಟುವ ಮೊದಲು, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಲೇ ಬೈರ, ನಿನ್ನ ದಯ ಯಾರಿಗೆ ಬೇಕ್ಲಾ? ಇಲ್ಲೀಗಂಟ ನನ್ನ ಯಾವನೂ ಇಡಿದಿಲ್ಲ. ನನಗೆ ಆಡಾಕೆ ಬತ್ತದೋ ಇಲ್ವೋ ಅಂತ್ಲೂ ಗೊತ್ತಿಲ್ಲ. ಇಡಿ. ಮೂಟೆ ಇಡಿದಂಗೆ ಇಡಿ. ಬುಟ್ಟೆ ಅಂದ್ರೆ ನೀನೂ ಇವ್ರ ತರಾನೇ."

ಬೈರಯ್ಯ ಅವನನ್ನು ನೋಡಿದ. ಆಮೇಲೆ ಅಂಗೈಗೆ ಉಗುಳಿಕೊಂಡು ಉಜ್ಜಿದ. "ಬಾ ಮತ್ತೆ" ಅಂದ.

ಈ ಸಲ ಮಂಚಯ್ಯ ಇದ್ದ ಬಲವನ್ನೆಲ್ಲ ಕಾಲಿಗೆ ಹಾಕಿ ನುಗ್ಗಿದ. ಬೈರಯ್ಯನ ಭುಜ ಮುಟ್ಟಿ ಹೊರಳಿದ್ದೇ, ಎರಡು ತೋಳು ಕಬ್ಬಿಣದ ಪಟ್ಟಿಯಂತೆ ಸೊಂಟಕ್ಕೆ ಬಿದ್ದವು. ಇಬ್ಬರೂ ಮಣ್ಣಿಗೆ ಬಿದ್ದರು. ಮಂಚಯ್ಯ ಒಂದು ಕಾಲು ಬಿಡಿಸಿಕೊಂಡ. ಆ ಕಾಲನ್ನು ಬೈರಯ್ಯ ತೊಡೆಯಲ್ಲಿ ಅಮುಕಿದ. ಮಂಚಯ್ಯ ಮೊಣಕೈ ಊರಿ ತೆವಳಿದ; ತನ್ನನ್ನೂ ತನ್ನ ಸೊಂಟಕ್ಕೆ ನೇತುಬಿದ್ದ ಮೂಟೆಯಾಳನ್ನೂ ಸೇರಿಸಿ ಎಳೆದ. ಬೆವರಿಗೆ ಬೆವರು ಹತ್ತಿತು, ಬಾಯಿಗೆ ಮಣ್ಣು ಬಂತು, ಕಬಡ್ಡಿ ಎಂಬುದು ಎದೆಯೊಳಗೆ ಸಣ್ಣಗಾಗುತ್ತ ಬಂತು. ನಡುಗೆರೆ ಒಂದು ಗೇಣು ಮುಂದೆ. ಬೆರಳು ಚಾಚಿದ. ಸಿಗಲಿಲ್ಲ. ದಮ್ಮು ಮುರಿಯಿತು. ಸಿಳ್ಳೆ.

"ಎರಡು ಕಳೆ" ಎಂದು ಚಂದ್ರಶೇಖರಯ್ಯ ಕುರ್ಚಿಯಿಂದ ಎದ್ದು ಹೇಳಿದರು. "ದಾಳಿಗೆ ಮುಂಚೆ ಮಾತಾಡಿದ್ದಾನೆ, ಅದು ಸಂಚು, ಈ ದಾಳಿ ಲೆಕ್ಕಕ್ಕಿಲ್ಲ" ಎಂದು ಬ್ರಹ್ಮಪ್ಪನವರೂ ಎದ್ದರು.

ಮಣ್ಣಿನಲ್ಲಿ ಮಲಗಿದ ಮಂಚಯ್ಯ ಕೆಮ್ಮುತ್ತಿದ್ದ. ಬೈರಯ್ಯ ಅವನ ಬೆನ್ನು ತಟ್ಟಿದ. "ಒಸಿ ತಪ್ತು ಕಣಣ್ಣ. ಇನ್ನೊಂದು ಗೇಣು ಸಿಕ್ಕಿದ್ರೆ ಓಗ್ಬುಡ್ತಿದ್ದೆ."

"ಎಡಗಾಲು ಬ್ಯಾಗ ಎಳಕಬೇಕಿತ್ತು" ಅಂದ ಮಂಚಯ್ಯ.

"ಊಂ. ನಾನು ಅದಕ್ಕೇ ಕಾಯ್ತಿದ್ದೆ."

"ಇನ್ನೊಂದ್ಸಲ ಇಡೀತೀಯಾ?"

"ಬಾ."

ಔಟಾದವನು ಹೊರಗೆ ಹೋಗಬೇಕು. ಮಂಚಯ್ಯ ಹೋಗಲಿಲ್ಲ. ನಡುಗೆರೆಯ ಈಚೆಗೆ ಬಂದು, ದಮ್ಮು ತುಂಬಿಕೊಂಡು, ಮತ್ತೆ ನುಗ್ಗಿದ. ರೆಫರಿ ಸಿಳ್ಳೆ ಊದಿದ. ಮತ್ತೆ ಊದಿದ. ಬೈರಯ್ಯ ಹಿಡಿದ, ಇಬ್ಬರೂ ಬಿದ್ದರು, ಧೂಳೆದ್ದಿತು. "ಬುಡ್ಸಿ ಅವರನ್ನ" ಎಂದು ಯಾರೋ ಕೂಗಿದರು. ಎರಡು ತಂಡಗಳ ಅಷ್ಟೂ ಜನ ಸುತ್ತ ನಿಂತಿದ್ದರು. ಬಿಡಿಸಬೇಕಾದರೆ ಮುಟ್ಟಬೇಕು. ಒಬ್ಬರ ಮುಖ ಒಬ್ಬರು ನೋಡಿದರು. ರೆಫರಿ ಬಗ್ಗಿದವನು ಸೊಂಟಕ್ಕೆ ಕೈ ಕೊಟ್ಟು ಮತ್ತೆ ನೆಟ್ಟಗೆ ನಿಂತು ಸಿಳ್ಳೆಯನ್ನೇ ಊದಿದ.

"ಮಂಚಯ್ಯ, ದಸರಾ ಸೆಲೆಕ್ಷನ್ ಆಳು ಮಾಡ್ಕಬ್ಯಾಡ, ಎದ್ದೇಳು" ಎಂದು ತಮ್ಮಯ್ಯ ಎರಡು ಮಾರು ದೂರದಿಂದ ಬೇಡಿಕೊಂಡ.

ಮಂಚಯ್ಯ ಎದ್ದ. ಈ ಸಲವೂ ಗೆರೆ ಸಿಕ್ಕಿರಲಿಲ್ಲ. ನಾಲ್ಕು ಬೆರಳಷ್ಟು ಮಾತ್ರ ಉಳಿದಿತ್ತು. ಮೊಣಕೈ ತರಚಿ ರಕ್ತ ಬರುತ್ತಿತ್ತು, ಸೊಂಟದ ಮೇಲೆ ಬೈರಯ್ಯನ ಹತ್ತು ಬೆರಳೂ ಮೂಡಿದ್ದವು. ಆ ಗುರುತನ್ನು ಅವನು ಒಮ್ಮೆ ಸವರಿ ನೋಡಿಕೊಂಡ. ಮೈಸೂರಿನ ಆಟಕ್ಕೆ ತನ್ನನ್ನು ಇನ್ನು ಯಾರೂ ಕಳಿಸುವುದಿಲ್ಲವೆಂದು ಅವನಿಗೆ ತಿಳಿದಿತ್ತು. ಕುರ್ಚಿಗಳ ಬಳಿ ಆರೂ ಜನ ಯಜಮಾನರು ಗುಂಪುಗೂಡಿ, ಪಂದ್ಯ ನಿಂತ ಮೇಲಿನ ಹಿಡಿತಕ್ಕೆ ಎಷ್ಟು ಪಾಯಿಂಟು ಎಂದು ಕೂಗಾಡುತ್ತಿದ್ದರು.

ಅಂಕಣ ಖಾಲಿಯಾಗಿತ್ತು. ಉಳಿದವರೆಲ್ಲ ಒಬ್ಬೊಬ್ಬರಾಗಿ ಅಂಚುಗೆರೆಯ ಆಚೆಗೆ ಹೋಗಿ ನಿಂತಿದ್ದರು. ಬೈರಯ್ಯ ಕಾಲಗಲಿಸಿ, ಮಂಡಿ ಬಗ್ಗಿಸಿ ನಿಂತ.

"ಈ ಕಿತ ಎಡಗಾಲು ನೋಡ್ಕೊ" ಅಂದ.

ಮಂಚಯ್ಯ ಉಸಿರೆಳೆದುಕೊಂಡ.